ಮೂರು ಸಲ ಆರಿಸಿದ ಅಕ್ಕಿ

ಪ್ಲೋವ್ದಿವ್, ೧೪ ಸೆಪ್ಟೆಂಬರ್ ೧೯೯೨

ನನ್ನ ಸೊಸೆ ನೆವೆನಾಳಿಗೆ,

ಎಡ ಮೊಣಕಾಲೊಂದನ್ನು ಬಿಟ್ಟರೆ ಇಲ್ಲಿ ಉಳಿದ ನಾನೆಲ್ಲ ಕ್ಷೇಮ. ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಲಕೋಟೆ ನೋಡಿ ಮೊದಲು ಹೆದರಿದೆ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನೀನು ನನಗೆ ಕಳಿಸಿದ್ದು ಹುಟ್ಟುಹಬ್ಬದ ಕಾರ್ಡುಗಳನ್ನು ಮಾತ್ರ. ಇಷ್ಟು ದಪ್ಪದ ಲಕೋಟೆ ರೂಸೆಯಿಂದ ಬಂದರೆ ಲಿಯೋನನಿಗೆ ಏನೋ ಆಗಿದೆ ಎಂದೇ ಅರ್ಥ. ಬಿಚ್ಚಿ ಓದಿದರೆ ಒಳಗಿದ್ದದ್ದು ಹಬ್ಬದ ಮಾತು.

ಶಾಲೆಯಲ್ಲಿ ಯಾರೋ "ನಿಮ್ಮ ಮನೇಲಿ ಯಾವ ಹಬ್ಬ ಮಾಡ್ತೀರ?" ಎಂದು ಕೊರಿನಾಳನ್ನು ಕೇಳಿದ್ದು, ಅವಳು ಬಂದು ಅಪ್ಪನನ್ನು ಕೇಳಿದ್ದು, ನನ್ನ ಮಗ ಪೇಪರಿನಿಂದ ತಲೆಯೆತ್ತದೆ "ಮೇ ಒಂದು ಅಂತ ಹೇಳು" ಎಂದದ್ದು ಓದಿ ನಕ್ಕೆ. ಆಮೇಲೆ ನಗು ನಿಂತಿತು. ಅವನಿಗೆ ಹಾಗೆ ಹೇಳಲು ಕಲಿಸಿದವಳು ನಾನೇ. ನಿನ್ನ ಮಾವ ತಂಬಾಕಿನ ಗೋದಾಮಿನಲ್ಲಿ ಮೇಸ್ತ್ರಿ, ಕಮ್ಯುನಿಸ್ಟ್ ಪಕ್ಷದ ಸದಸ್ಯ. ಹಬ್ಬದ ಅಡುಗೆ ಮಾಡುತ್ತಿದ್ದೆ, ಹಬ್ಬ ಎಂದು ಹೇಳುತ್ತಿರಲಿಲ್ಲ. ಲಿಯೋನ್ "ಅಮ್ಮ, ಇವತ್ತೇನು ವಿಶೇಷ?" ಎಂದರೆ "ಈರುಳ್ಳಿ ಚೆನ್ನಾಗಿತ್ತು ಕಣೋ, ಅದಕ್ಕೆ" ಎನ್ನುತ್ತಿದ್ದೆ. ಅವನು ಬೆಳೆದದ್ದು ಈರುಳ್ಳಿಯ ಹಬ್ಬಗಳಲ್ಲಿ.

ಈಗ ನೀನು, ಪಾದ್ರಿಯ ಮೊಮ್ಮಗಳು, ನನ್ನ ಮೊಮ್ಮಕ್ಕಳಿಗೆ ಅವರಪ್ಪನ ಯಹೂದಿ ಹಬ್ಬ ಕಲಿಸುತ್ತೇನೆ ಎನ್ನುತ್ತೀಯ. ಕಲಿಸು. ನನಗೇನೂ ಅಡ್ಡಿಯಿಲ್ಲ. ನಾನು ನಾಲ್ಕನೇ ಇಯತ್ತೆ ಓದಿದವಳು, ಉಳಿದ ಅಕ್ಷರವನ್ನೆಲ್ಲ ತಂಬಾಕಿನ ಎಲೆ ವಿಂಗಡಿಸುತ್ತ ಪಕ್ಕದವಳಿಂದ ಕಲಿತದ್ದು. ಪುಸ್ತಕದ ಮಾತು ನನ್ನ ಹತ್ತಿರ ಇಲ್ಲ. ಕೈಗೆ ಗೊತ್ತಿರುವುದನ್ನು ಬರೆಯುತ್ತೇನೆ.

ಇಪ್ಪತ್ತೇಳನೇ ತಾರೀಖಿನ ಸಂಜೆ ನಮ್ಮ ಹೊಸವರ್ಷ. ಬಿಳಿ ಬಟ್ಟೆ ಹಾಸು. ಮೊದಲು ಸೇಬು, ಜೇನು. ಆಮೇಲೆ ಕುಂಬಳಕಾಯಿ ಕಡುಬು, ಈರುಳ್ಳಿದಂಟಿನ ವಡೆ. ಉದ್ದನೆಯ ದಪ್ಪ ಬಿಳಿ ದಂಟು ಇರುತ್ತದಲ್ಲ, ಅದು. ದಂಟನ್ನು ಬೇಯಿಸು, ಕೊಚ್ಚು, ಮೊಟ್ಟೆ, ಆಲೂಗಡ್ಡೆ, ಉಪ್ಪು, ಮೆಣಸು ಬೆರೆಸಿ ತಟ್ಟಿ ಕರಿ. ಒಂದೊಂದು ತುತ್ತಿಗೂ ಒಂದೊಂದು ಹಾರೈಕೆ. ಕುಂಬಳಕಾಯಿ ತಿನ್ನುವಾಗ "ಕೆಟ್ಟ ಸುದ್ದಿ ಹರಿದುಹೋಗಲಿ" ಅನ್ನಿಸು, ದಂಟು ತಿನ್ನುವಾಗ "ನಮಗಾಗದವರು ಕತ್ತರಿಸಿಹೋಗಲಿ" ಅನ್ನಿಸು. ಸಾಮಿಗೆ ಎರಡನೆಯದು ಇಷ್ಟವಾಗುತ್ತದೆ. ನಾಲ್ಕು ವರ್ಷದವರಿಗೆಲ್ಲ ಶತ್ರುಗಳು ಬೇಕು.

ಮಕ್ಕಳ ಕೆನ್ನೆಗೆ ನನ್ನದೊಂದೊಂದು.

ನಿನ್ನ ಅತ್ತೆ ಜಿಂಬೂಲ್


ರೂಸೆ, ೪ ಅಕ್ಟೋಬರ್ ೧೯೯೨

ಅತ್ತೆಯವರಿಗೆ ನಮಸ್ಕಾರ.

ನೀವು ಬರೆದಂತೆಯೇ ಮಾಡಿದೆವು. ಬಿಳಿ ಬಟ್ಟೆ ನನ್ನ ಮದುವೆಯದು, ಹನ್ನೊಂದು ವರ್ಷದಲ್ಲಿ ಮೊದಲ ಸಲ ಹೊರಗೆ ಬಂತು. ವಡೆ ತುಂಬ ಚೆನ್ನಾಗಿ ಬಂದವು. ಮಕ್ಕಳು ಇನ್ನೂ ಬೇಕೆಂದರು. ಸಾಮಿ ಶತ್ರುಗಳ ತುತ್ತನ್ನು ಆರು ಸಲ ತಿಂದ. ಶತ್ರುಗಳು ಯಾರೋ ಎಂದರೆ "ಪಕ್ಕದ ಮನೆಯ ಬಾತುಕೋಳಿ" ಎಂದ.

ಲಿಯೋನ್ ಮೊದಲು ಗೊಣಗಿದರು, "ನಮ್ಮಮ್ಮನಿಗೇ ನೆನಪಿಲ್ಲದ್ದು ನಿನಗ್ಯಾಕೆ ನೆವೆನಾ?" ಎಂದು. ಆದರೆ ಕುಂಬಳಕಾಯಿ ಕಡುಬು ಬಾಯಿಗಿಟ್ಟವರು ಪೇಪರು ಮಡಿಸಿಟ್ಟರು. ಆಮೇಲೆ "ಇದು ನಮ್ಮನೇಲಿ ಶರತ್ಕಾಲದಲ್ಲಿ ಇರ್ತಿತ್ತು" ಎಂದರು. ಅಷ್ಟೇ ಅಂದದ್ದು. ಆದರೆ ನಾಲ್ಕು ತಿಂದರು.

ಕೊರಿನಾ ನಿಮ್ಮ ಕಾಗದವನ್ನು ತನ್ನ ಶಾಲೆಯ ಚೀಲದಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಾಳೆ. ಯಾರಾದರೂ ಮತ್ತೆ ಕೇಳಿದರೆ ತೆಗೆದು ತೋರಿಸುತ್ತಾಳಂತೆ. ಮುಂದಿನ ಹಬ್ಬ ಯಾವಾಗ, ಬರೆಯುತ್ತೀರಾ?

ನಿಮ್ಮ ನೆವೆನಾ


ಪ್ಲೋವ್ದಿವ್, ೮ ಡಿಸೆಂಬರ್ ೧೯೯೨

ನೆವೆನಾ,

ವಡೆ ಮೊದಲ ಸಲವೇ ಚೆನ್ನಾಗಿ ಬಂದವೇ? ನನಗೆ ಅವು ಕೈಗೆ ಕೂರಲು ಮೂರು ವರ್ಷ ಹಿಡಿಯಿತು. ನಿನ್ನ ಕೈ ಚುರುಕು ಎಂದು ಮಾತಿಲ್ದಾಗೆ ಹೇಳಿದೆ. ಪಕ್ಕದ ಮನೆಯ ಮಾತಿಲ್ದಾಳನ್ನು ಬಲ್ಲೆಯಲ್ಲ, ಗೋಡೆಗೆ ಕಿವಿಯಿಟ್ಟೇ ಹುಟ್ಟಿದವಳು. "ಹೊರಗಿನವಳಿಗೆ ಅಷ್ಟು ಬೇಗ ಬರಲ್ಲ ಬಿಡು, ಸುಳ್ಳು" ಎಂದಳು. ನಾನು ಒಲೆಗೆ ಸೌದೆ ಹಾಕಲು ಎದ್ದೆ.

ಹತ್ತೊಂಬತ್ತರ ಸಂಜೆಯಿಂದ ಎಂಟು ದಿನ ದೀಪದ ಹಬ್ಬ. ನಮ್ಮಲ್ಲಿ ಮೇಣದಬತ್ತಿ ಅಲ್ಲ, ಸಣ್ಣ ಗಾಜಿನ ಲೋಟಗಳಲ್ಲಿ ಎಣ್ಣೆ, ಹತ್ತಿಯ ಬತ್ತಿ. ಮೊದಲ ದಿನ ಒಂದು, ಎರಡನೇ ದಿನ ಎರಡು, ಹೀಗೆ ಎಂಟರವರೆಗೆ. ಪಕ್ಕಕ್ಕೆ ಇನ್ನೊಂದು ದೀಪ, ಅದು ಉಳಿದವನ್ನು ಹಚ್ಚುವ ಆಳು. ಆ ದೀಪಗಳ ಬೆಳಕಿನಲ್ಲಿ ಬಟ್ಟೆ ಹೊಲಿಯಬಾರದು, ಪಾತ್ರೆ ತೊಳೆಯಬಾರದು. ಅವು ಉರಿಯುವಷ್ಟು ಹೊತ್ತು ಹೆಂಗಸರಿಗೆ ರಜೆ. ಲಿಯೋನನಿಗೆ ಇದನ್ನು ಗಟ್ಟಿಯಾಗಿ ಓದಿ ಹೇಳು.

ಕರಿದ ಸಿಹಿ ಉಂಡೆ ಮಾಡು. ಮೈದಾ, ಈಸ್ಟು, ಬೆಚ್ಚಗಿನ ನೀರು ಕಲಸಿ ಉಬ್ಬಲು ಬಿಟ್ಟು, ಒದ್ದೆ ಕೈಯಲ್ಲಿ ಕಿತ್ತು ಎಣ್ಣೆಗೆ ಬಿಡು. ಮೇಲೆ ಜೇನು.

ಇಲ್ಲಿ ಚಳಿ. ಮೈದುನ ಬುಕೋ ದಿನಾ ಬಂದು ನನ್ನ ಒಲೆಯ ಮುಂದೆ ಕೂತು, ತನ್ನ ಹೆಂಡತಿ ಎಸ್ತ್ರೇಯಾ ಸೌದೆ ಉಳಿಸುತ್ತಾಳೆ ಎಂದು ದೂರುತ್ತಾನೆ.

ಅತ್ತೆ ಜಿಂಬೂಲ್


ರೂಸೆ, ೧೭ ಜನವರಿ ೧೯೯೩

ಅತ್ತೆಯವರಿಗೆ ನಮಸ್ಕಾರ.

ಎಂಟು ದಿನವೂ ಹಚ್ಚಿದೆವು. ಮೊದಲ ದಿನ ಸಾಮಿ ಹಾರಿ ಬಂದು ಊದಿ ಆರಿಸಿಬಿಟ್ಟ, ಹುಟ್ಟುಹಬ್ಬ ಅಂದುಕೊಂಡಿದ್ದ. ಕೊರಿನಾ ಅವನ ಜುಟ್ಟು ಹಿಡಿದು ಎಳೆದಳು. ಎರಡನೇ ದಿನದಿಂದ ಅವನನ್ನು ಕುರ್ಚಿಗೆ ಶಾಲಿನಿಂದ ಕಟ್ಟಿ ಕೂರಿಸಿದಳು. ಉಂಡೆಗಳು ಚೆನ್ನಾಗಿದ್ದವು.

ಅತ್ತೆ, ಒಂದು ಕೇಳಬೇಕು. ಪೆಸಾಹ್ ಹಬ್ಬಕ್ಕೆ ಮಗು ಎದ್ದು "ಈ ರಾತ್ರಿ ಉಳಿದ ರಾತ್ರಿಗಳಂತೆ ಯಾಕಲ್ಲ?" ಎಂದು ಕೇಳುವ ನಾಲ್ಕು ಪ್ರಶ್ನೆಗಳಿವೆಯಲ್ಲ, ಅವನ್ನು ಕೊರಿನಾ ಕಲಿಯಲು ಶುರುಮಾಡಿದ್ದಾಳೆ. ಪಾಠ ಎಲ್ಲಿಂದಲೋ ಸಿಕ್ಕಿತು. ಹೀಬ್ರೂ ಪದಗಳನ್ನು ನಮ್ಮ ಅಕ್ಷರದಲ್ಲಿ ಬರೆದುಕೊಟ್ಟಿದ್ದೇನೆ, ಹಲ್ಲುಜ್ಜುವಾಗಲೂ ಹೇಳಿಕೊಳ್ಳುತ್ತಾಳೆ. ಈ ಸಲ ಹಬ್ಬಕ್ಕೆ ನಾವು ನಿಮ್ಮಲ್ಲಿಗೆ ಬರೋಣ ಎಂದು ಅವಳೇ ಅಪ್ಪನನ್ನು ಒಪ್ಪಿಸಿದ್ದಾಳೆ. "ಅಜ್ಜಿ ಮುಂದೆ ಹೇಳ್ಬೇಕು, ಇಲ್ಲಿ ಹೇಳಿದ್ರೆ ಯಾರಿಗೆ ಗೊತ್ತಾಗುತ್ತೆ ಸರಿಯೋ ತಪ್ಪೋ?" ಎನ್ನುತ್ತಾಳೆ.

ಅದಕ್ಕೆ ಮುಂಚೆ, ಹಬ್ಬದ ಎಂಟು ದಿನ ಯಾವುದು ತಿನ್ನಬಹುದು, ಯಾವುದು ತಿನ್ನಬಾರದು ಎಂದು ಒಂದು ಪಟ್ಟಿ ಬರೆದು ಕಳಿಸುತ್ತೀರಾ? ನಿಮ್ಮ ಮನೆಗೆ ಬಂದು ತಪ್ಪು ಮಾಡಬಾರದು ಎಂದು ಕೇಳುತ್ತಿದ್ದೇನೆ.

ನೆವೆನಾ


ಪ್ಲೋವ್ದಿವ್, ೧ ಫೆಬ್ರವರಿ ೧೯೯೩

ನೆವೆನಾ,

ಈ ಪೊಟ್ಟಣದಲ್ಲಿ ಎರಡು ಬಟ್ಟೆಯ ಚೀಲಗಳಿವೆ. ಆರನೇ ತಾರೀಖು ಹಣ್ಣಿನ ಹಬ್ಬ. ಚೀಲದೊಳಗೆ ಒಣ ಅಂಜೂರ, ಕಿತ್ತಳೆ, ಬಾದಾಮಿ, ಖರ್ಜೂರ ತುಂಬಿ ಮಕ್ಕಳ ಕೊರಳಿಗೆ ಹಾಕು. ಹೆಸರು ನಾನೇ ಕಸೂತಿ ಹಾಕಿದ್ದೇನೆ. ಸಾಮಿಯ ಹೆಸರು ಸೊಟ್ಟಗಾಗಿದೆ, ಕನ್ನಡಕ ಬದಲಿಸಬೇಕು.

ಪಟ್ಟಿ ಬರೆಯಲು ಇದೇನು ರೇಷನ್ ಅಂಗಡಿಯೇ? ಹುಳಿ ಬಂದು ಉಬ್ಬಿದ ಹಿಟ್ಟು ಕೂಡದು, ಬ್ರೆಡ್ಡು ಕೂಡದು. ಉಳಿದದ್ದನ್ನು ಬಂದಾಗ ನೀನೇ ನೋಡುತ್ತೀಯ. ಕೆಲವು ಮಾತು ಕಾಗದದಲ್ಲಿ ಬರುವುದಿಲ್ಲ, ಕಣ್ಣಿನಿಂದ ಕಲಿಯಬೇಕು. ನಾನೂ ಹಾಗೇ ಕಲಿತದ್ದು.

ಏಪ್ರಿಲ್ ಐದಕ್ಕೆ ಹಬ್ಬ. ನಾಲ್ಕರ ಸಂಜೆಯ ರೈಲಿಗೇ ಬಂದುಬಿಡಿ. ಬುಕೋ, ಎಸ್ತ್ರೇಯಾ, ಮಾತಿಲ್ದಾ ಮೂವರನ್ನೂ ಕರೆದಿದ್ದೇನೆ. ನನ್ನ ಮೊಮ್ಮಗಳು ಪ್ರಶ್ನೆ ಕೇಳುತ್ತಾಳೆ ಎಂದು ಬೀದಿಗೆಲ್ಲ ಹೇಳಿಯಾಗಿದೆ. ಈ ಮನೆಯಲ್ಲಿ ಮಗುವೊಂದು ಎದ್ದು ನಿಂತು ಆ ಪ್ರಶ್ನೆ ಕೇಳಿ ನಲವತ್ತೈದು ವರ್ಷವಾಯಿತು. ಲಿಯೋನನಿಗೆ ನಾನು ಕಲಿಸಲಿಲ್ಲವಲ್ಲ.

ಅತ್ತೆ ಜಿಂಬೂಲ್


ಪ್ಲೋವ್ದಿವ್, ೨೫ ಏಪ್ರಿಲ್ ೧೯೯೩

ನೆವೆನಾ,

ಊರು ತಲುಪಿದ್ದಕ್ಕೆ ಒಂದು ಸಾಲು ಬರೆಯಬಾರದಿತ್ತೇ? ಮಾತಿಲ್ದಾ ಮನೆಯಿಂದ ಫೋನು ಮಾಡಿದೆ. ಲಿಯೋನ್ ಎತ್ತಿ "ಎಲ್ಲ ಸರಿ ಅಮ್ಮ" ಎಂದ. ಅವನಿಗೆ ಯಾವಾಗಲೂ ಎಲ್ಲ ಸರಿ.

ಐದು ದಿನ ಇರುತ್ತೀರಿ ಎಂದುಕೊಂಡಿದ್ದೆ, ನೀವು ಮರುದಿನ ಬೆಳಗಿನ ರೈಲಿಗೇ ಹೊರಟಿರಿ. ಬಂದರಿನ ಕಚೇರಿಯಲ್ಲಿ ಕೆಲಸವಿದೆ ಎಂದು ನೀನು ಹೇಳಿದೆ. ಇರಬಹುದು. ಅಕ್ಕಿಯ ಮಾತಿಗೆ ನೀನು ಬೇಸರ ಮಾಡಿಕೊಂಡೆ ಎಂದು ಎಸ್ತ್ರೇಯಾ ಹೇಳುತ್ತಾಳೆ. ಅದೊಂದು ತಮಾಷೆ ಮಗಳೇ. ನಮ್ಮ ಮನೆಯಲ್ಲಿ ಹೀಗೇ, ಊಟಕ್ಕೆ ಉಪ್ಪು ಎಷ್ಟೋ ಮಾತಿಗೂ ಅಷ್ಟು. ನನ್ನ ಮದುವೆಯಲ್ಲಿ ನನ್ನ ಮೂಗಿನ ಮೇಲೆ ನಿನ್ನ ಮಾವನ ಕಡೆಯವರು ಹಾಡು ಕಟ್ಟಿದ್ದರು.

ಕೊರಿನಾ ನಾಚಿಕೊಂಡು ಪ್ರಶ್ನೆ ಕೇಳಲಿಲ್ಲ. ಪರವಾಗಿಲ್ಲ, ಮುಂದಿನ ವರ್ಷ ಕೇಳುತ್ತಾಳೆ. ಅವಳ ನೀಲಿ ಸ್ವೆಟರು ಇಲ್ಲೇ ಉಳಿದಿದೆ. ಕಳಿಸಲೇ, ಬೇಸಿಗೆಗೆ ಬಂದಾಗ ಹಾಕಿಕೊಳ್ಳುತ್ತಾಳೆಯೇ?

ಅತ್ತೆ


ಪ್ಲೋವ್ದಿವ್, ೩೦ ಜೂನ್ ೧೯೯೩

ನೆವೆನಾ,

ಚೆರ್ರಿ ಈ ಸಲ ಮರದಲ್ಲೇ ಒಡೆದವು. ಹನ್ನೆರಡು ಬಾಟಲಿ ಮುರಬ್ಬ ಮಾಡಿದ್ದೇನೆ, ಆರು ನಿಮಗೆ. ಜುಲೈಯಲ್ಲಿ ಮಕ್ಕಳು ಬರುತ್ತಾರೆಯೇ? ಹಾಸಿಗೆ ಬಿಸಿಲಿಗೆ ಹಾಕಲೇ ಬೇಡವೇ ಎಂದಾದರೂ ತಿಳಿಸು. ಸ್ವೆಟರು ತೊಳೆದಿಟ್ಟಿದ್ದೇನೆ.

ಅತ್ತೆ


ಪ್ಲೋವ್ದಿವ್, ೧೦ ಸೆಪ್ಟೆಂಬರ್ ೧೯೯೩

ನೆವೆನಾ, ಲಿಯೋನ್, ಕೊರಿನಾ, ಸಾಮಿ,

ಹೊಸವರ್ಷ ಸಿಹಿಯಾಗಿರಲಿ. ಸ್ವೆಟರು ಅಂಚೆಯಲ್ಲಿ ಕಳಿಸಿದ್ದೇನೆ. ಈ ಚಳಿಗಾಲಕ್ಕೆ ಅವಳಿಗೆ ಚಿಕ್ಕದಾಗಬಹುದು.

ಅಜ್ಜಿ


ರೂಸೆ, ೩ ಅಕ್ಟೋಬರ್ ೧೯೯೩

ಅತ್ತೆಯವರಿಗೆ,

ಉತ್ತರ ಬರೆಯದೆ ಇದ್ದದ್ದು ಮರೆತಲ್ಲ. ನಾಲ್ಕು ಸಲ ಬರೆದು ಹರಿದೆ. ಪ್ರತಿ ಸಲವೂ ಅದು ಜಗಳದ ಕಾಗದವಾಗುತ್ತಿತ್ತು. ಸ್ವೆಟರು ಬಂತು, ಚಿಕ್ಕದಾಗಿದೆ.

ನೀವು ತಮಾಷೆ ಎಂದಿರಿ. ಏನು ನಡೆಯಿತೆಂದು ನನ್ನ ಕಡೆಯಿಂದಲೂ ಒಂದು ಸಲ ಓದಿ.

ಮೇಜಿಗೆ ಎಲ್ಲರೂ ಕೂತಿದ್ದರು. ಕೊರಿನಾ ಹೊಸ ಲಂಗ ಹಾಕಿಕೊಂಡು ನಿಮ್ಮ ಪಕ್ಕದಲ್ಲಿ, ತುಟಿ ಅಲ್ಲಾಡಿಸುತ್ತ ಪ್ರಶ್ನೆಗಳನ್ನು ಹೇಳಿಕೊಳ್ಳುತ್ತಿದ್ದಳು. ದ್ರಾಕ್ಷಿ ಎಲೆಯ ಸುರುಳಿಗಳ ತಟ್ಟೆ ನೋಡಿದೆ. ನಿಮ್ಮ ಕುರ್ಚಿಯ ಹಿಂದೆ ಬಂದು ಬಗ್ಗಿ ನಿಮ್ಮ ಕಿವಿಯಲ್ಲಿ ಕೇಳಿದೆ, "ಅತ್ತೆ, ಇದರೊಳಗೆ ಅಕ್ಕಿ ಇದೆಯಾ? ಪೆಸಾಹ್‌ನಲ್ಲಿ ಅಕ್ಕಿ ತಿನ್ನಬಾರದಲ್ವಾ?" ಎಂದು. ಕಿವಿಯಲ್ಲಿ ಕೇಳಿದೆ ಅತ್ತೆ. ನೀವು ಕೈತಟ್ಟಿ ಎಲ್ಲರಿಗೂ ಹೇಳಿದಿರಿ: "ಕೇಳಿದ್ರಾ? ಪಾದ್ರಿ ಮೊಮ್ಮಗಳು ಈ ಜಿಂಬೂಲಳಿಗೆ ಪೆಸಾಹ್ ಕಲಿಸೋಕೆ ಬಂದವ್ಳೆ!"

ಬುಕೋ ಮಾವ ಮೇಜು ಗುದ್ದಿ ನಕ್ಕರು. "ಬಿಡಿ ಅತ್ತಿಗೆ, ಮುಂದಿನ ವರ್ಷ ಈಸ್ಟರ್ ಕೆಂಪು ಮೊಟ್ಟೆನೂ ತರ್ತಾಳೆ" ಎಂದರು. ಮಾತಿಲ್ದಾ "ಪುಸ್ತಕ ಓದಿದ್ರೆ ಯಹೂದಿ ಆಗ್ತಾರೇನಮ್ಮ?" ಎಂದರು. ಎಸ್ತ್ರೇಯಾ ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ಲಿಯೋನ್ ತಮ್ಮ ತಟ್ಟೆ ನೋಡುತ್ತಿದ್ದರು.

ಹೌದು, ಪುಸ್ತಕ. ರಷ್ಯನ್ ಭಾಷೆಯದು, ಹಳೆ ಪುಸ್ತಕದ ಗಾಡಿಯಲ್ಲಿ ಸಿಕ್ಕಿತ್ತು. ಉತ್ತರದ ಯಹೂದಿಗಳ ಪದ್ಧತಿ ಬೇರೆ, ನಿಮ್ಮದು ಬೇರೆ ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಅವರಿಗೆ ಅಕ್ಕಿ ಕೂಡದು, ನಿಮಗೆ ನಡೆಯುತ್ತದೆ ಎಂದು ನನಗೆ ಹೇಳಿದವರು ಯಾರು? ನಿಮ್ಮನ್ನು ಕೇಳಿದ್ದೆ. ಪಟ್ಟಿ ಕೇಳಿದ್ದೆ.

ಇನ್ನೊಂದನ್ನೂ ಈಗ ಹೇಳುತ್ತೇನೆ. ಆ ವಡೆ ಚೆನ್ನಾಗಿ ಬರಲಿಲ್ಲ. ಎಣ್ಣೆಯಲ್ಲಿ ಒಂದೂ ನಿಲ್ಲದೆ ಕರಗಿಹೋದವು, ನಾಲ್ಕೂ ಜನ ಬಾಣಲೆಯಿಂದ ಚಮಚದಲ್ಲಿ ತಿಂದೆವು. ಉಂಡೆಗಳಲ್ಲಿ ಸಾಮಿ ಗೋಲಿ ಆಡಿದ. ನನ್ನ ಕೈಯಲ್ಲೇ ದೋಷ, ನಾನು ಆ ಕುಲದವಳಲ್ಲ, ಅದಕ್ಕೇ ಬರುವುದಿಲ್ಲ ಎಂದುಕೊಂಡು ನಿಮಗೆ ಸುಳ್ಳು ಬರೆದೆ. ಆಮೇಲೆ ಪುಸ್ತಕ ತಂದೆ.

ಕೊರಿನಾ ನಾಚಿಕೊಳ್ಳಲಿಲ್ಲ ಅತ್ತೆ. ಅವಳಿಗೆ ನಾಲ್ಕೂ ಪ್ರಶ್ನೆ ಬರುತ್ತಿತ್ತು. ರೈಲಿನಲ್ಲಿ ಕೇಳಿದಳು, "ಅಮ್ಮ, ನಾನು ಹೇಳಿದ್ರೂ ನಗ್ತಿದ್ರಾ? ನಾನೂ ಪಾದ್ರಿ ಮರಿಮಗಳೇ ಅಲ್ವಾ?"

ಈ ಹೊಸವರ್ಷಕ್ಕೆ ನಾವು ಏನೂ ಮಾಡಲಿಲ್ಲ. ಅವಳು ಬೇಡ ಎಂದಳು.

ನೆವೆನಾ


ಪ್ಲೋವ್ದಿವ್, ೨೧ ನವೆಂಬರ್ ೧೯೯೩

ನೆವೆನಾ,

ಏಳು ವಾರ ನಿನ್ನ ಕಾಗದವನ್ನು ಹಿಟ್ಟಿನ ಡಬ್ಬದ ಮೇಲೆ ಇಟ್ಟುಕೊಂಡು ನೋಡಿದೆ. ತಮಾಷೆ ಎಂಬ ಮಾತನ್ನು ಇನ್ನು ಬರೆಯುವುದಿಲ್ಲ.

ಈರುಳ್ಳಿದಂಟನ್ನು ಬೇಯಿಸಿ ಕೊಚ್ಚಿದ ಮೇಲೆ ತೆಳು ಬಟ್ಟೆಯಲ್ಲಿ ಕಟ್ಟಿ, ಕೈ ನೋಯುವವರೆಗೆ ಹಿಂಡಬೇಕು. ನೀರು ಪೂರ್ತಿ ಹೋಗಬೇಕು. ಇಲ್ಲದಿದ್ದರೆ ಎಣ್ಣೆಯಲ್ಲಿ ಒಡೆದುಹೋಗುತ್ತವೆ. ಇದು ನನಗೆ ಗೊತ್ತಿತ್ತು. ಸಿಹಿ ಉಂಡೆಯ ಹಿಟ್ಟು ಎರಡು ಸಲ ಉಬ್ಬಬೇಕು. ಒಂದು ಸಲ ಉಬ್ಬಿದ ಮೇಲೆ ಗುದ್ದಿ ಇಳಿಸಿ ಮತ್ತೆ ಮುಚ್ಚಿಡಬೇಕು. ಇದೂ ಗೊತ್ತಿತ್ತು. ಬರೆಯುವಾಗ ಪೆನ್ನು ಅಲ್ಲಿಗೆ ಬಂದು ನಿಂತದ್ದೂ ನೆನಪಿದೆ. ಮುಂದಿನ ಸಾಲಿಗೆ ಹೋದೆ. ಎರಡು ಸಲವೂ.

ಯಾಕೆ ಎಂದರೆ, ಎಲ್ಲ ಅಲ್ಲೇ ಕಲಿತುಬಿಟ್ಟರೆ ಮಕ್ಕಳು ಇಲ್ಲಿಗೆ ಯಾಕೆ ಬರಬೇಕು ಎಂದುಕೊಂಡೆ. "ಅಜ್ಜಿ ಮಾಡಿದ ಹಾಗೆ ಆಗಲಿಲ್ಲ" ಎಂದು ಅವರು ಹೇಳಬೇಕು ಎಂಬ ಆಸೆ. ಅದು ಒಂದು ಕಾರಣ, ಬರೆಯಲು ನಾಚಿಕೆಯಾಗದ ಕಾರಣ. ಇನ್ನೊಂದು ನೀನು ನಮ್ಮವಳಲ್ಲ ಎಂಬುದು. ಹನ್ನೆರಡು ವರ್ಷ ನಿನ್ನ ಅಡುಗೆ ತಿಂದು, ನಿನ್ನ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದನ್ನು ಒಳಗೆ ಇಟ್ಟುಕೊಂಡೇ ಇದ್ದೆ. ವಡೆ ಚೆನ್ನಾಗಿ ಬಂತು ಎಂದು ನೀನು ಬರೆದಾಗ ನನಗೆ ಸಂತೋಷವಾಗಲಿಲ್ಲ. ನನ್ನ ಮಗನಿಗೆ ನಾನು ಕೊಡದೆ ಮುಚ್ಚಿಟ್ಟದ್ದನ್ನು ನೀನು ಒಂದೇ ಕಾಗದ ಹಿಡಿದು ನನ್ನ ಮೊಮ್ಮಕ್ಕಳಿಗೆ ಕೊಡುತ್ತಿದ್ದೆ. ಅದು ಚುಚ್ಚಿತು.

ಈಗ ಅಕ್ಕಿಯ ಮಾತು. ನೀನು ಕೇಳಿದ್ದು ತಪ್ಪಲ್ಲ. ಉತ್ತರದವರು ತಿನ್ನುವುದಿಲ್ಲ, ನಿಜ. ನಾವು ತಿನ್ನುತ್ತೇವೆ, ಆದರೆ ಸುಮ್ಮನೆ ಅಲ್ಲ. ಹಬ್ಬಕ್ಕೆ ಮುಂಚೆ ಬಿಳಿ ಬಟ್ಟೆಯ ಮೇಲೆ ಅಕ್ಕಿ ಹರಡಿ ಮೂರು ಸಲ ಆರಿಸಬೇಕು, ಒಂದು ಗೋಧಿ ಕಾಳೂ ಉಳಿಯದ ಹಾಗೆ, ಗೋಧಿ ನೆನೆದರೆ ಹುಳಿ ಬರುತ್ತದೆ. ಆ ಕೆಲಸ ಮನೆಯ ಮಕ್ಕಳದು. ಅವರ ಕಣ್ಣು ಚುರುಕು. ನನ್ನಮ್ಮ ನಮ್ಮ ಐದೂ ಜನರನ್ನು ಸುತ್ತ ಕೂರಿಸಿ, ಗೋಧಿ ಕಾಳು ಹುಡುಕಿದವರಿಗೆ ಒಂದು ಬಾದಾಮಿ ಕೊಡುತ್ತಿದ್ದಳು. ಆಮೇಲೆ ಗೊತ್ತಾಯಿತು, ಕಾಳುಗಳನ್ನು ಅವಳೇ ಹಾಕಿರುತ್ತಿದ್ದಳು. ಹೋದ ಏಪ್ರಿಲ್ ನಾಲ್ಕರ ಸಂಜೆ ನೀವು ಬರುವ ಹೊತ್ತಿಗೆ ನಾನೊಬ್ಬಳೇ ಕೂತು ಮೂರೂ ಸಲ ಆರಿಸಿ ಮುಗಿಸಿದ್ದೆ. ಕೊರಿನಾ, ಸಾಮಿ ಬಂದು ಕೂರುವವರೆಗೆ ಕಾದಿದ್ದರೆ, ಅವರ ಜೊತೆ ನೀನೂ ಕೂರುತ್ತಿದ್ದೆ, ಅಕ್ಕಿ ನಡೆಯುತ್ತದೆಂದು ಅಲ್ಲೇ ತಿಳಿಯುತ್ತಿತ್ತು. ಮರುದಿನ ಯಾರ ಕಿವಿಯಲ್ಲೂ ಏನೂ ಕೇಳಬೇಕಾಗುತ್ತಿರಲಿಲ್ಲ. ನಾನು ಕಾಯಲಿಲ್ಲ. ನಿನಗೆ ತಿಳಿಯುವುದು ಬೇಡ ಎಂದೇ ಕಾಯಲಿಲ್ಲ.

ತಪ್ಪಾಯಿತು, ನೆವೆನಾ. ಈ ಮಾತನ್ನು ನಾನು ಸೊಸೆಗೆ ಅಲ್ಲ, ಯಾರಿಗೂ ಬರೆದವಳಲ್ಲ, ಅದಕ್ಕೇ ಕೈ ಸೊಟ್ಟಗೆ ಓಡಿದೆ.

ಹಾಳೆಗಳ ಹಿಂದೆ ನನಗೆ ಗೊತ್ತಿರುವ ಎಲ್ಲ ಹಬ್ಬಗಳನ್ನೂ ಬರೆದಿದ್ದೇನೆ, ಏನೂ ಬಿಡದೆ. ನೀನು ಮಾಡು, ಬಿಡು, ಅದು ನಿನ್ನ ಮನೆ.

ಜಿಂಬೂಲ್


ರೂಸೆ, ೬ ಮಾರ್ಚ್ ೧೯೯೪

ಅತ್ತೆಯವರಿಗೆ,

ಬುಕೋ ಮಾವ ತೀರಿಕೊಂಡಾಗ ಮಣ್ಣಿಗೆ ಲಿಯೋನ್ ಒಬ್ಬರೇ ಬಂದದ್ದಕ್ಕೆ ಕ್ಷಮಿಸಿ. ಸಾಮಿಗೆ ಜ್ವರವಿತ್ತು. ಎಸ್ತ್ರೇಯಾ ಅತ್ತೆ ದೇಶ ಬಿಟ್ಟು ಜಾಫಾಕ್ಕೆ ಮಗಳ ಹತ್ತಿರ ಹೋಗುತ್ತಾರೆಂದು ಲಿಯೋನ್ ಹೇಳಿದರು.

ನಿಮ್ಮ ಐದು ಹಾಳೆಗಳನ್ನು ಜೋಪಾನವಾಗಿ ಇಟ್ಟಿದ್ದೇನೆ. ಸಾಮಿ ಹಟ ಹಿಡಿದು ಡಿಸೆಂಬರಿನಲ್ಲಿ ದೀಪ ಹಚ್ಚಿಸಿದ. ಈ ಸಲ ಊದಲಿಲ್ಲ. ಉಂಡೆ ಉಬ್ಬಿದವು. ಕೊರಿನಾ ಕೋಣೆಯಿಂದ ಬರಲಿಲ್ಲ, ಆದರೆ ಬೆಳಿಗ್ಗೆ ನೋಡಿದರೆ ತಟ್ಟೆಯಲ್ಲಿ ಎರಡು ಕಡಿಮೆಯಿದ್ದವು.

ಪೆಸಾಹ್‌ಗೆ ನೀವು ಇಲ್ಲಿಗೆ ಬರುತ್ತೀರಾ? ನಮ್ಮ ಮೇಜಿನಲ್ಲಿ ಅಕ್ಕಿ ಇರುವುದಿಲ್ಲ. ಪುಸ್ತಕದಲ್ಲಿದೆ ಎಂದಲ್ಲ. ಆ ದಿನ ಅದನ್ನು ಬಡಿಸಲು ನನಗೆ ಇನ್ನೂ ಕೈ ಬರುವುದಿಲ್ಲ. ಒಪ್ಪಿಗೆಯಾದರೆ ಬನ್ನಿ. ಸಾಮಿ ಪ್ರಶ್ನೆ ಕಲಿತಿದ್ದಾನೆ.

ನೆವೆನಾ


ಪ್ಲೋವ್ದಿವ್, ೧೭ ಏಪ್ರಿಲ್ ೧೯೯೪

ನೆವೆನಾ ಮಗಳೇ,

ನಿನ್ನ ಮನೆಯಿಂದ ಹೊರಟು ಮೂರು ವಾರವಾಗುತ್ತ ಬಂತು. ತಲುಪಿದೆ ಎಂದು ಒಂದು ಸಾಲೂ ಬ‌ರೆಯಲಿಲ್ಲ ಎಂದು ನೀನು ಅಂದುಕೊಂಡಿರಬೇಕು. ಬರೆಯುವ ಮುಂಚೆ ಒಂದು ಕೆಲಸ ಆಗಬೇಕಿತ್ತು.

ಅಕ್ಕಿಯಿಲ್ಲದ ಕೊರತೆ ಕಾಣಲಿಲ್ಲ ಎಂದರೆ ಸುಳ್ಳಾದೀತು. ಕಂಡಿತು, ಬಾಯಿ ಬಿಡಲಿಲ್ಲ. ವಡೆ ನನ್ನವಕ್ಕಿಂತ ಮೆತ್ತಗೆ, ಚೆನ್ನಾಗಿದ್ದವು. ಅದನ್ನು ಅಲ್ಲೇ ಹೇಳಬೇಕಿತ್ತು, ಈಗ ಹೇಳುತ್ತಿದ್ದೇನೆ. ಸಾಮಿ ಕುರ್ಚಿಯ ಮೇಲೆ ನಿಂತು ಪ್ರಶ್ನೆ ಕೇಳಿದಾಗ ಲಿಯೋನ್ ಎದ್ದು ಆ ಕುರ್ಚಿ ಅಲುಗದಂತೆ ಹಿಡಿದು ನಿಂತದ್ದನ್ನು ನೀನೂ ಕಂಡೆ. ಕೊರಿನಾ ನನ್ನ ಪಕ್ಕದಲ್ಲೇ ಕೂತು ಉಪ್ಪುನೀರು, ಹುಳಿಯಿಲ್ಲದ ರೊಟ್ಟಿ ಎಲ್ಲ ದಾಟಿಸಿದಳು. ತುಂಬ ಮರ್ಯಾದೆಯ ಹುಡುಗಿ. ಮೊದಲು "ಅಜ್ಜಿ, ನೀನು ಇಲ್ಲಿ ಬಾ" ಎಂದು ನನ್ನ ಶಾಲು ಜಗ್ಗುತ್ತಿದ್ದವಳು ಈಗ "ನೀವು ತಗೊಳ್ಳಿ" ಎನ್ನುತ್ತಾಳೆ.

ನೀನು ಇಲ್ಲದಾಗ ನಡೆದದ್ದನ್ನು ನಿನಗೆ ಹೇಳಬೇಕು. ಸೋಮವಾರ ಬೆಳಿಗ್ಗೆ ನೀವಿಬ್ಬರೂ ಕೆಲಸಕ್ಕೆ ಹೋಗಿದ್ದಿರಿ, ಸಾಮಿ ಶಿಶುವಿಹಾರಕ್ಕೆ. ಅವಳ ಶಾಲೆ ಮಧ್ಯಾಹ್ನದ್ದು. ಅಡುಗೆಮನೆಯ ಮೇಜಿನಲ್ಲಿ ಗಣಿತ ಮಾಡುತ್ತಿದ್ದಳು. ನಾನು ಎದುರಿಗೆ ಕೂತೆ.

"ಪ್ರಶ್ನೆ ಯಾಕೆ ಕೇಳಲಿಲ್ಲ ಪುಟ್ಟಿ?"

"ಸಾಮಿ ಕೇಳಿದನಲ್ಲ."

"ಮೂರನೇದು ನುಂಗಿಹಾಕಿದ."

ಅದಕ್ಕೆ ತುಸು ನಕ್ಕಳು. "ಅವನು ಯಾವಾಗಲೂ ನುಂಗ್ತಾನೆ. ನಾನೇ ಕಲಿಸಿದ್ದು, ಮೂರನೇದು ಮಾತ್ರ ಕೂರಲ್ಲ."

ಅವನಿಗೆ ಕಲಿಸಿದವಳು ಅವಳೇ ಎಂದು ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತೋ ಏನೋ.

"ಅವತ್ತು ನನ್ನಿಂದ ತಪ್ಪಾಯ್ತು ಕಣೇ," ಎಂದೆ.

"ನನಗ್ಯಾಕೆ ಹೇಳ್ತೀರ? ನೀವು ಅಂದಿದ್ದು ಅಮ್ಮನಿಗೆ."

"ಅಮ್ಮನಿಗೆ ಬರೆದಿದ್ದೀನಿ. ಐದು ಹಾಳೆ."

ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡಿದಳು. "ಅಂದಿದ್ದು ಎಲ್ಲರ ಮುಂದೆ ಅಜ್ಜಿ. ತಪ್ಪಾಯ್ತು ಅಂದಿದ್ದು ಲಕೋಟೆ ಒಳಗೆ."

ಸಿಟ್ಟಿನಿಂದ ಹೇಳಲಿಲ್ಲ. ಗಣಿತದ ತಪ್ಪು ತೋರಿಸುವ ಹಾಗೆ ಹೇಳಿ, ಮತ್ತೆ ಪೆನ್ಸಿಲ್ ತೆಗೆದುಕೊಂಡಳು. ನಾನು ಎದ್ದು ಲೋಟ ತೊಳೆದೆ. ಇನ್ನೇನು ಮಾಡಲಿ.

ರೈಲಿನಲ್ಲಿ ಪೂರ್ತಿ ದಾರಿ ಅದೇ ಮಾತು. ಎಪ್ಪತ್ತಮೂರು ವರ್ಷದವಳಿಗೆ ಹೊಳೆಯದ್ದು ಹತ್ತು ವರ್ಷದವಳಿಗೆ ಹೊಳೆಯಿತು.

ಆ ಮೇಜನ್ನು ಮತ್ತೆ ಕೂಡಿಸಬೇಕು ಎಂದುಕೊಂಡೆ. ಪೂರ್ತಿ ಆಗಲಿಲ್ಲ. ಎಸ್ತ್ರೇಯಾ ಬುಧವಾರ ಜಾಫಾಕ್ಕೆ ಹೊರಡುತ್ತಾಳೆ, ಅವಳ ಮನೆಯೆಲ್ಲ ಪೆಟ್ಟಿಗೆಯೊಳಗಿದೆ. ಇವತ್ತು ಮಧ್ಯಾಹ್ನ ಅವಳನ್ನೂ ಮಾತಿಲ್ದಾಳನ್ನೂ ಕರೆದು ಅವತ್ತು ಕೂತಿದ್ದ ಜಾಗದಲ್ಲೇ ಕೂರಿಸಿದೆ. ಕಾಫಿ ಕೊಡುವ ಮುಂಚೆಯೇ ಹೇಳಿದೆ. ಕೊಟ್ಟ ಮೇಲೆ ಧೈರ್ಯ ಇರುತ್ತದೋ ಇಲ್ಲವೋ.

ಎದ್ದು ನಿಂತು ಹೇಳಿದೆ, "ನನ್ನ ಸೊಸೆ ನೆವೆನಾ ನನ್ನನ್ನ ಮರ್ಯಾದೆಯಾಗಿ ಕಿವೀಲಿ ಒಂದು ಮಾತು ಕೇಳಿದ್ಲು. ಅವಳಿಗೆ ಗೊತ್ತಾಗದ ಹಾಗೆ ಮಾಡಿದವಳು ನಾನು. ಮಾಡಿ, ಗೊತ್ತಿಲ್ಲ ಅಂತ ನಿಮ್ಮ ಮುಂದೆ ನಗೆಪಾಟಲು ಮಾಡಿದೆ. ತಪ್ಪು ನಂದು."

ಎಸ್ತ್ರೇಯಾ "ಅಯ್ಯೋ ಇದೇನೇ ಅಕ್ಕಾ, ಒಂದು ಮಾತಿಗೆ ಪಂಚಾಯ್ತಿ ಸೇರಿಸ್ತಿದ್ದೀಯಾ?" ಎಂದಳು. ಮಾತಿಲ್ದಾ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದ್ದು ಇದೇ ಮೊದಲು. ಬುಕೋ ಕುರ್ಚಿ ಖಾಲಿ. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನು, ಆ ನಗುವನ್ನು ಹಿಂದಕ್ಕೆ ಕರೆಸುವ ದಾರಿ ನನಗೆ ಇನ್ನಿಲ್ಲ. ಹೋದ ಮೇ ತಿಂಗಳಲ್ಲಿ ಮಾಡಿದ್ದರೆ ಅವನೂ ಇರುತ್ತಿದ್ದ, ಇವಳ ಮನೆ ಪೆಟ್ಟಿಗೆಯಲ್ಲಿರುತ್ತಿರಲಿಲ್ಲ, ಕೊರಿನಾಗೆ ಆಗ ಒಂಬತ್ತು ವರ್ಷ. ನಾನು ಸ್ವೆಟರಿನ ವಿಷಯ ಬರೆಯುತ್ತ ಕೂತಿದ್ದೆ.

ಲಿಯೋನನೂ ಆ ಮೇಜಿನಲ್ಲಿದ್ದ. ಅವನ ಸಹಿಯನ್ನು ನೀನೇ ಹಾಕಿಸಿಕೊ.

ಇದನ್ನು ಕೊರಿನಾಗೆ ಓದಿ ಹೇಳಬೇಕೋ ಬೇಡವೋ ನಿನಗೆ ಬಿಟ್ಟದ್ದು. ಅವಳು ಮುಂದಿನ ವರ್ಷ ಎದ್ದು ಪ್ರಶ್ನೆ ಕೇಳಲಿ ಎಂದು ಇದನ್ನು ಮಾಡಲಿಲ್ಲ. ಕೇಳದೆ ಇರುವುದೂ ಅವಳ ಹಕ್ಕು. ಈ ಕಾಗದವನ್ನು ಮಡಿಸುವ ಮುಂಚೆ ಇವರಿಬ್ಬರ ಮುಂದೆ ಗಟ್ಟಿಯಾಗಿ ಓದುತ್ತಿದ್ದೇನೆ. ಕೆಳಗೆ ಅವರದೇ ಕೈಬರಹ.

ಜಿಂಬೂಲ್ ಪನಿಜೆಲ್

ನನ್ನ ಮುಂದೆ ಓದಿದಳು. ನಿಜ. ಮಾತಿಲ್ದಾ.

ನೆವೆನಾ, ನಾನೂ ನಕ್ಕಿದ್ದೆ. ಎಸ್ತ್ರೇಯಾ.